ಬುದ್ಧಿವಿಕಲ್ಪವೂ ರೋಗಕ್ರಿಮಿಗಳೂ

ಮನೆಯಲ್ಲಿ ಒಬ್ಬರಿಗೆ ಚಿತ್ತಸ್ವಾಸ್ಥ್ಯ ಕೆಟ್ಟಿತೆಂದರೆ ನಮ್ಮ ಜನರು ಮೊದಲು ಅದನ್ನು ನೆರೆಹೊರೆಯವರಿಂದ ಮುಚ್ಚಿಡಲು ನೋಡುತ್ತಾರೆ. ಮುಚ್ಚಿಡಲಾಗದೆ ಹೋದಾಗ ಮಂತ್ರವಾದಿಯ ಬಾಗಿಲಿಗೆ ಹೋಗುತ್ತಾರೆ. ಅಲ್ಲಿಯೂ ಗುಣ ಕಾಣದಿದ್ದರೆ ಪ್ರಾರಬ್ಧವೆಂದು ಕೈಚೆಲ್ಲುತ್ತಾರೆ. ವಿದ್ಯಾವಂತರ ಮನೆಗಳೂ ಇದಕ್ಕೆ ಹೊರತಲ್ಲ. ಇಂತಹ ವ್ಯಾಧಿಗಳಲ್ಲಿ ಕೆಲವಾದರೂ ಕ್ಷಯ ಚಳಿಜ್ವರಗಳಂತೆ ಕ್ರಿಮಿಗಳಿಂದಲೇ ಹುಟ್ಟುವುವೆಂಬುದು ನೂರು ವರ್ಷಗಳಿಗೂ ಹಿಂದೆಯೇ ಸಿದ್ಧವಾದ ಸಂಗತಿಯಾಗಿದೆ. ಅದರ ಇತಿಹಾಸವನ್ನು ವಾಚಕರ ಮುಂದಿಡುವುದು ಅಪ್ರಕೃತವಾಗಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ವಿಚಿತ್ರ ವ್ಯಾಧಿ ಹರಡಿತ್ತು. ನಡುವಯಸ್ಸಿನ ಗೃಹಸ್ಥನೊಬ್ಬನು ಇದ್ದಕ್ಕಿದ್ದಂತೆ ತಾನೇ ಚಕ್ರವರ್ತಿಯೆನ್ನುವನು. ಇಲ್ಲದ ಕೋಟಿಗಳನ್ನು ದಾನಮಾಡುವನು. ಕ್ರಮೇಣ ನಾಲಗೆ ತೊದಲಿ, ಕೈಕಾಲು ಸೋತು, ಕೆಲವೇ ವರ್ಷಗಳಲ್ಲಿ ಸಾಯುವನು. 1822ರಲ್ಲಿ ಪ್ಯಾರಿಸಿನ ಬೇಲ್ ಎಂಬ ತರುಣ ವೈದ್ಯರು ಇಂತಹವರ ಮಿದುಳಿನ ಪೊರೆಗಳು ಉರಿಯೂತದಿಂದ ಕೆಟ್ಟಿರುವುದನ್ನು ತೋರಿಸಿದರು. ಕಾರಣವೇನೆಂಬ ಚರ್ಚೆ ಮಾತ್ರ ತೊಂಬತ್ತು ವರ್ಷ ನಡೆಯಿತು. 1913ರಲ್ಲಿ ಜಪಾನಿನ ನೊಗುಚಿಯವರು ನ್ಯೂಯಾರ್ಕಿನಲ್ಲಿ ಮೂರ್ ಎಂಬವರೊಡನೆ ಈ ರೋಗಿಗಳ ಮಿದುಳಿನೊಳಗೇ ಫಿರಂಗಿರೋಗದ ಕ್ರಿಮಿಯನ್ನು ಕಂಡರು. (ಫಿರಂಗಿರೋಗವೆಂಬ ಹೆಸರು ನಮ್ಮ ಭಾವಪ್ರಕಾಶದಲ್ಲಿಯೇ ಇರುವುದಷ್ಟೆ.) ಹಿಂದೆಂದೋ ಅಂಟಿದ ಸೋಂಕು ಹತ್ತಿಪ್ಪತ್ತು ವರ್ಷ ಅಡಗಿದ್ದು ಬುದ್ಧಿಯನ್ನೇ ತಿನ್ನುತ್ತಿತ್ತು.

ಕಾರಣ ತಿಳಿದ ಮಾತ್ರಕ್ಕೆ ಮದ್ದು ದೊರೆಯಲಿಲ್ಲ. ಬಲವಾದ ಜ್ವರ ಬಂದು ಹೋದ ಮೇಲೆ ಕೆಲವು ಹುಚ್ಚರು ತಿಳಿಯಾಗುವುದನ್ನು ವಿಯೆನ್ನಾ ನಗರದ ವಾಗ್ನರ್ ಯಾವ್ರೆಗ್ ಎಂಬ ಪಂಡಿತರು ಬಹುಕಾಲದಿಂದ ಗಮನಿಸಿದ್ದರು. 1917ರಲ್ಲಿ ಅವರು ಚಳಿಜ್ವರದಿಂದ ನರಳುತ್ತಿದ್ದ ಸೈನಿಕನೊಬ್ಬನ ರಕ್ತವನ್ನು ತಮ್ಮ ರೋಗಿಗಳಿಗೆ ಸೇರಿಸಿ, ಕೆಲವು ಸಲ ಜ್ವರ ಏರಿಳಿಯಲು ಬಿಟ್ಟು, ಆ ಬಳಿಕ ಕ್ವಿನೈನ್ ಕೊಟ್ಟು ನಿಲ್ಲಿಸಿದರು. ಒಂಬತ್ತು ಮಂದಿಯಲ್ಲಿ ಆರು ಮಂದಿಗೆ ಗುಣ ಕಂಡಿತು. ಎಲ್ಲರಿಗೂ ಅದು ಉಳಿಯಲಿಲ್ಲ. ಮುಳ್ಳಿನಿಂದ ಮುಳ್ಳನ್ನು ಕೀಳುವ ಈ ಉಪಾಯಕ್ಕೆ 1927ರಲ್ಲಿ ನೊಬೆಲ್ ಬಹುಮಾನ ಬಂದಿತು. ಜ್ವರದಿಂದಲೇ ಸತ್ತವರೂ ಉಂಟು. ಹುಚ್ಚರ ಒಪ್ಪಿಗೆಯನ್ನು ಕೇಳುವ ಪದ್ಧತಿ ಆಗ ಎಲ್ಲಿಯೂ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. 1943ರಲ್ಲಿ ಅಮೆರಿಕದ ಮಹೋನಿಯವರು ಫಿರಂಗಿರೋಗಕ್ಕೆ ಪೆನಿಸಿಲಿನ್ ಸಿದ್ಧೌಷಧವೆಂದು ತೋರಿಸಿದ ಮೇಲೆ ಚಳಿಜ್ವರದ ಚಿಕಿತ್ಸೆ ಮೂಲೆಗೆ ಸೇರಿತು.

ಇದಕ್ಕಿಂತಲೂ ವಿನೋದವಾದದ್ದು ಕ್ಷಯದ ಮದ್ದಿನ ಕಥೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಇಪ್ರೋನಿಯಜಿಡ್ ಎಂಬ ಹೊಸ ಔಷಧವನ್ನು ಕ್ಷಯರೋಗಿಗಳಿಗೆ ಕೊಟ್ಟಾಗ, ಸಾವನ್ನು ಎದುರುನೋಡುತ್ತ ಮಲಗಿದ್ದವರು ಎದ್ದು ಕುಣಿದಾಡಿದರೆಂದು ವರದಿಯಾಯಿತು. ಈ ಉಲ್ಲಾಸವನ್ನು ಉಪದ್ರವವೆಂದು ತಳ್ಳಿಹಾಕದೆ ಪರೀಕ್ಷಿಸಿದವರಲ್ಲಿ ನೇಥನ್ ಕ್ಲೈನ್ ಮುಖ್ಯರು. 1957ರಲ್ಲಿ ಅವರು ಅದನ್ನು ವಿಷಣ್ಣತೆಯ ರೋಗಕ್ಕೆ ಬಳಸಿದರು. ಮನೋವಿಷಾದಕ್ಕೆ ಇಂದು ದೊರೆಯುವ ಮಾತ್ರೆಗಳ ವಂಶಕ್ಕೆ ಮೂಲಪುರುಷರಲ್ಲಿ ಇದೂ ಒಂದು. ಯಕೃತ್ತಿಗೆ ಹಾನಿಯೆಂದು ಕಂಡುಬಂದುದರಿಂದ ಅಮೆರಿಕದಲ್ಲಿ ಅದನ್ನು 1961ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಉಲ್ಟಾ ದಿಕ್ಕಿನ ಅಪಾಯವೂ ಇದೆ: ಮದ್ದಿಗೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಕೆಲವರಲ್ಲಿ ಭ್ರಮೆಯನ್ನೇ ಹುಟ್ಟಿಸುತ್ತದೆ.

ಮಾನಸಿಕ ವ್ಯಾಧಿಗಳೆಲ್ಲವೂ ಕ್ರಿಮಿಜನ್ಯವೆಂದು ನಾವು ಹೇಳುವುದಿಲ್ಲ. ಬಹುಭಾಗ ಹಾಗಲ್ಲ, ಅಂತಹವರು ಡಾಕ್ಟರು ಕೊಟ್ಟ ಮಾತ್ರೆಗಳನ್ನು ತಮ್ಮಷ್ಟಕ್ಕೆ ಬಿಡುವುದು ಅನರ್ಥಕರ. ಆದರೆ ವೇಷ ಮರೆಸಿಕೊಂಡು ಬರುವ ರೋಗಗಳು ಹಲವಿವೆ. 2007ರಲ್ಲಿ ದಾಲ್ಮೌ ಮತ್ತು ಅವರ ಸಂಗಡಿಗರು ವರ್ಣಿಸಿದ ಒಂದು ಮಿದುಳಿನ ಉರಿಯೂತವು ಹೆಚ್ಚಾಗಿ ಎಳೆಯ ಹೆಂಗಸರಿಗೆ ಬರುತ್ತದೆ. ಶರೀರದ ರಕ್ಷಕಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ. ನೋಡಿದವರು ದೆವ್ವವೆಂದೇ ನಂಬುವಷ್ಟು ಕೂಗಾಟ, ಸೆಡೆತ. ಸಕಾಲದಲ್ಲಿ ಗುರುತಿಸಿ ಆ ಶಕ್ತಿಯನ್ನು ಅಡಗಿಸಿದರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ತೊಳೆಯದ ಸೊಪ್ಪುಸದೆಗಳ ಮೂಲಕ ಹೊಟ್ಟೆಗೆ ಹೋಗಿ, ಮರಿಗಳು ಮಿದುಳಿನಲ್ಲಿ ನೆಲೆಸಿ ಮೂರ್ಛೆಯನ್ನು ಬರಿಸುವುದು ನಮ್ಮ ದೇಶದಲ್ಲಿ ಸಾಮಾನ್ಯ. ಮಾಂಸವನ್ನೇ ಮುಟ್ಟದವರಿಗೂ ಇದು ತಪ್ಪಿದ್ದಲ್ಲ, ಮಡಿಯವರು ಮುನಿಸಿಕೊಳ್ಳಬಾರದು.

ಈ ವಿಷಯದಲ್ಲಿ ಕನ್ನಡನಾಡು ದರಿದ್ರವಲ್ಲ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಡನೆ ಬೆಳೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಮನೋವೈದ್ಯ, ನರವೈದ್ಯ, ಕ್ರಿಮಿಶೋಧನೆಗಳು ಅಲ್ಲಿ ಒಂದೇ ಆವರಣದಲ್ಲಿವೆ. ಜಿಲ್ಲೆಯ ಮಟ್ಟದಲ್ಲಿಯೇ ಮಾನಸಿಕ ಚಿಕಿತ್ಸೆ ದೊರಕಿಸುವ ಪ್ರಯೋಗವನ್ನು ಆ ಸಂಸ್ಥೆಯು 1985ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿತು. 1996ರಿಂದ ಭಾರತ ಸರ್ಕಾರದವರು ಅದನ್ನೇ ಮಾದರಿಯಾಗಿಟ್ಟುಕೊಂಡರು. ಅತ್ತ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಿಂದ ಕಟ್ಟಲ್ಪಟ್ಟಿದ್ದ 25ಕ್ಕೂ ಹೆಚ್ಚು ರೋಗಿಗಳು ಇದ್ದಲ್ಲಿಯೇ ಸುಟ್ಟುಹೋದರು. 2017ರ ಶಾಸನವು ಸರಪಳಿಯನ್ನು ನಿಷೇಧಿಸಿದೆ. ಅವರಲ್ಲಿ ಎಷ್ಟು ಮಂದಿಯ ರಕ್ತವನ್ನು ಯಾರಾದರೂ ಒಮ್ಮೆ ಪರೀಕ್ಷಿಸಿದ್ದರು?

ಜಿಲ್ಲಾಧಿಕಾರಿಗಳೂ ಆರೋಗ್ಯಾಧಿಕಾರಿಗಳೂ ಲಕ್ಷ್ಯವಿಡಬೇಕಾದದ್ದು ಇಲ್ಲಿ. ಹೊಸದಾಗಿ ಬುದ್ಧಿ ಕದಡಿದ ರೋಗಿ ಬಂದೊಡನೆ ಜ್ವರ, ತಲೆನೋವು, ಮೂರ್ಛೆಗಳನ್ನು ವಿಚಾರಿಸಿ, ರಕ್ತವನ್ನೂ, ಬೇಕಾದರೆ ಬೆನ್ನುಹುರಿಯ ನೀರನ್ನೂ ಪರೀಕ್ಷಿಸುವ ಏರ್ಪಾಡು ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಹಗಲಿರುಳು ಇರತಕ್ಕದ್ದು. ಹರ್ಪಿಸ್ ಸೋಂಕು ಮಿದುಳಿಗೆ ತಗಲಿದಾಗ ಮೊದಲು ಕಾಣುವುದು ಕೆಲವೊಮ್ಮೆ ಬರಿಯ ನಡತೆಯ ಬದಲಾವಣೆ. ಅದಕ್ಕೆ ಅಸೈಕ್ಲೊವಿರ್ ಎಂಬ ಮದ್ದಿದೆ, ಆದರೆ ಮೊದಲ ಕೆಲವು ದಿನಗಳಲ್ಲಿಯೇ ಕೊಡಬೇಕು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು ದಾರಿ. ನಡುವೆ ಮಂತ್ರವಾದಿಯ ಮನೆಯಲ್ಲಿ ಒಂದು ವಾರ ಕಳೆದರೆ ಆ ದಿನಗಳು ಮುಗಿದಿರುತ್ತವೆ.