ಲೋಡಿಗೆ ಕಾಯುವ ಹೊತ್ತು

ಲಾರಿ ಚಾಲಕರಿಗೆ ಎಚ್‌ಐವಿ ತಗಲುವ ಅಪಾಯಕ್ಕೂ ಅವರು ಲೋಡಿಗಾಗಿ ಕಾಯುವ ಹೊತ್ತಿಗೂ ನಂಟಿದೆ. ಬೆಂಗಳೂರಿನ ಚಾಮರಾಜಪೇಟೆಯ ಮಗ್ಗುಲಲ್ಲೇ ಇರುವ ಕಲಾಸಿಪಾಳ್ಯ, ನ್ಯೂ ತರಗುಪೇಟೆಗಳು ಹಳೆಯ ಲಾರಿ ನೆಲೆಗಳು. ಹಗಲಲ್ಲಿ ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವುದರಿಂದ ಸರಕು ಇಳಿಯುವುದು ಹೆಚ್ಚಾಗಿ ರಾತ್ರಿ. ಆಮೇಲೆ ವಾಪಸ್ ಲೋಡ್ ಸಿಗುವ ತನಕ ಒಂದು ದಿನವೋ ಮೂರು ದಿನವೋ ಸುಮ್ಮನೆ ಕೂರಬೇಕು. ಜೇಬಿನಲ್ಲಿ ಬತ್ತೆಯ ಹಣವಿರುತ್ತದೆ, ಸುತ್ತ ಗುರುತಿನವರಿರುವುದಿಲ್ಲ. ಊರಿನಲ್ಲಿ ನೆರೆಹೊರೆಯವರ ಕಣ್ಣು ಇಟ್ಟಿದ್ದ ಅಂಕೆ ಇಲ್ಲಿ ಸಡಿಲವಾಗುತ್ತದೆ. ದೂರದ ಮಾರ್ಗದಲ್ಲೂ ದಿನಕ್ಕೆ 10 ಗಂಟೆ ಮೀರಿ ದುಡಿಸಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ರಸ್ತೆಯಲ್ಲಿ ಅದನ್ನು ಕೇಳಿದವರು ಕಡಿಮೆ. ಮಿತಿ ಮೀರಿದ ಆ ದುಡಿಮೆಯ ದಣಿವಿಗೆ ಮದ್ಯ ಜೊತೆಯಾದರೆ ಕಾಂಡೋಮ್ ನೆನಪಾಗುವುದು ಕಷ್ಟ.

ಎಂಜಿನ್ ಪಕ್ಕ ಕುಳಿತೂ ಕುಳಿತೂ ಮೈಗೆ ಉಷ್ಣವೇರುತ್ತದೆ, ಹೆಣ್ಣಿನ ಸಂಗದಿಂದ ಅದು ಇಳಿಯುತ್ತದೆ ಎಂಬ ನಂಬಿಕೆ ಚಾಲಕರಲ್ಲಿ ಹಳೆಯದು. ದೇಹವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ. ಆದರೆ ಬಯಕೆಯನ್ನು ಔಷಧದ ಲೆಕ್ಕಕ್ಕೆ ಸೇರಿಸಿ ಅಳುಕು ತೆಗೆಯುವುದರಲ್ಲಿ ಅದು ಗಟ್ಟಿಗ. ಕ್ಲೀನರ್ ಹುಡುಗ ಡ್ರೈವರಣ್ಣನಿಂದ ಗೇರು ಹಾಕುವುದರ ಜೊತೆಗೆ ಇದನ್ನೂ ಕಲಿಯುತ್ತಾನೆ. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಗತಿಯೇನು ಎಂಬ ಭಯ ದಿನವೂ ಕಣ್ಣೆದುರಿಗಿರುವವನಿಗೆ, ಏಳೆಂಟು ವರ್ಷದ ಮೇಲೆ ತಲೆಯೆತ್ತಬಹುದಾದ ಕಾಯಿಲೆ ದೂರದ ಮಾತು.

ತಿಳಿವಳಿಕೆಯೊಂದೇ ಸಾಲದು ಎನ್ನುವುದಕ್ಕೆ ಕಾಂಡೋಮ್ ಬಳಕೆಯ ರೀತಿಯೇ ಸಾಕ್ಷಿ. ಹೊಸಬಳೊಂದಿಗೆ ಕಾಂಡೋಮ್ ಬಳಸುವವನೂ ಅದೇ ಡಾಬಾದ ಬಳಿ ಪದೇ ಪದೇ ಸಿಗುವವಳೊಂದಿಗೆ ಅದನ್ನು ಬಿಡುತ್ತಾನೆ, ಪರಿಚಯವೇ ಭರವಸೆಯಾಗಿಬಿಡುತ್ತದೆ. ಮನೆಯಲ್ಲಿ ಹೆಂಡತಿಯೆದುರು ಕಾಂಡೋಮ್ ತೆಗೆದರೆ ತಪ್ಪೊಪ್ಪಿಕೊಂಡಂತೆ. ಸೋಂಕು ಹಳ್ಳಿಯ ಮನೆ ತಲುಪುವ ದಾರಿಗಳಲ್ಲಿ ಇದೂ ಒಂದು. ಆರೋಗ್ಯ ಇಲಾಖೆಯ ಕಡತಗಳು ಚಾಲಕರನ್ನು ‘ಸೇತುವೆ ಸಮುದಾಯ’ ಎನ್ನುವುದು ಇದಕ್ಕೇ. ಆ ಹೆಸರು ಮಾಡಿದ ಹಾನಿಯೂ ಇದೆ: ಚಾಲಕನೆಂದರೆ ಸೋಂಕಿತನೇ ಎಂಬ ಅನುಮಾನ. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೂರದ ಲಾರಿ ಚಾಲಕರಲ್ಲಿ ಸೋಂಕಿದ್ದವರು ಶೇ 0.86. ದೇಶದ ವಯಸ್ಕರ ಶೇ 0.22ಕ್ಕಿಂತ ಇದು ಹೆಚ್ಚು, ನಿಜ. ಆದರೂ ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಸೋಂಕಿಲ್ಲ.

ಪರೀಕ್ಷೆಗೂ ಹೊತ್ತಿನದೇ ತೊಡಕು. ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರ ತೆರೆದಿರುವ ಹಗಲಿನಲ್ಲಿ ಚಾಲಕ ಕ್ಯಾಬಿನ್ನಿನಲ್ಲಿ ನಿದ್ದೆ ಹೋಗಿರುತ್ತಾನೆ. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಆರಂಭಿಸಿದ ‘ಆವಾಹನ್’ ಕಾರ್ಯಕ್ರಮದಡಿ ಲಾರಿಗಳು ತಂಗುವ ಜಾಗಗಳಲ್ಲೇ ‘ಖುಷಿ’ ಕ್ಲಿನಿಕ್‌ಗಳು ಬಂದವು. ಸೋಂಕು ಪತ್ತೆಯಾದವರಿಗೆ ವೈರಾಣುವನ್ನು ಅಂಕೆಯಲ್ಲಿಡುವ ಎಆರ್‌ಟಿ ಗುಳಿಗೆ ಉಚಿತ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟದು. ಗುವಾಹಟಿಯ ತನಕ ಹೋಗಿಬರುವವನಿಗೆ ತಿಂಗಳ ಗುಳಿಗೆಯನ್ನು ಕ್ಲೀನರ್ ಕಣ್ಣಿಗೆ ಬೀಳದಂತೆ ಕ್ಯಾಬಿನ್ನಿನಲ್ಲಿ ಎಲ್ಲಿಡುವುದು ಎಂಬುದೇ ಚಿಂತೆ.