ಬೆನ್ನ ಹಿಂದಿನ ಊರು

ಭಟ್ಕಳದ ಜಾಲಿ ಕಡಲತೀರ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಉಪ್ಪುಗಾಳಿ, ಎಲ್ಲೋ ಹರವಿದ ಒಣಮೀನು, ಗಾಳಿಮರದ ಒದ್ದೆ ತರಗು. ಈದ್‌ನ ಮರುದಿನ ಬೆಳಗ್ಗೆಯಾದರೆ ಇವೆಲ್ಲದರ ಮೇಲೆ ತೆಳ್ಳಗೆ ಅತ್ತರಿನ ಘಮವೂ ತೇಲುತ್ತಿರುತ್ತದೆ. ಗರಿಗರಿ ಬಿಳಿ ಜುಬ್ಬಾ ತೊಟ್ಟ ಹುಡುಗರು ಹೊಸ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮರಳಿಗಿಳಿಯುತ್ತಾರೆ, ಹಿಂದಿನಿಂದ ಅಪ್ಪ, ದೊಡ್ಡಪ್ಪ, ರಜೆಗೆ ದುಬೈಯಿಂದ ಬಂದ ಮಾವ. ಅವರ ಜೊತೆಗೆ ಬಂದ ಫೋಟೊಗ್ರಾಫರ್ ಮಾತ್ರ ಇನ್ನೂ ಚೀಲದ ಜಿಪ್ ಎಳೆದಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ, ಅಂಗೈಯನ್ನು ಮುಖದ ಮುಂದೆ ಹಿಡಿದು ಅತ್ತಿತ್ತ ತಿರುಗಿಸುತ್ತಾ, ಬಿಸಿಲು ಎತ್ತಲಿಂದ ಬೀಳುತ್ತಿದೆಯೆಂದು ನೋಡುತ್ತಿದ್ದಾನೆ.

‘ಸಮುದ್ರ ಕಾಣ್ಬೇಕು ಭಾಯ್’ ಎನ್ನುತ್ತಾರೆ ಮಾವ.

‘ಕಾಣ್ತದೆ ಭಾಯ್. ಮೊದ್ಲು ಹುಡುಗ್ರ ಮುಖ ಕಾಣ್ಲಿ.’

ಅವನ ಬೆಳಗಿನ ಅವಸರ ಅರ್ಥವಾಗಬೇಕಾದರೆ ಈ ಕರಾವಳಿ ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ನೆನೆಯಬೇಕು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಘಟ್ಟ ಪೂರ್ವಕ್ಕೆ, ಕಡಲು ಪಶ್ಚಿಮಕ್ಕೆ. ಘಟ್ಟದ ಮೇಲಿಂದ ಸೂರ್ಯ ಏರಿದ ಮೇಲೆ ಸ್ವಲ್ಪ ಹೊತ್ತು ಬೆಳಕು ನೇರವಾಗಿ ಮುಖಕ್ಕೆ ಬೀಳುತ್ತದೆ. ಬೆನ್ನ ಹಿಂದಿನ ನೀರು ಆಗ ನೀಲಿಯಾಗಿಯೇ ಉಳಿಯುತ್ತದೆ, ಅಲೆಯ ನೊರೆ ಬಿಳಿಯಾಗಿ. ಸಂಜೆಗೆ ಎಲ್ಲ ತಲೆಕೆಳಗು. ಸೂರ್ಯ ಕ್ಯಾಮೆರಾದ ಎದುರಿಗೇ ಬಂದು ಕೂರುತ್ತಾನೆ, ಆಕಾಶ ಕೆಂಪೇರುತ್ತದೆ, ಅದರ ಮುಂದೆ ನಿಂತ ಅಜ್ಜನೂ ಮೊಮ್ಮಗನೂ ಬರೀ ಕಪ್ಪು ಆಕಾರಗಳಾಗುತ್ತಾರೆ. ಊರಿಗೆ ಬಂದವರೆಲ್ಲ ಕೇಳುವುದು ಸೂರ್ಯಾಸ್ತವನ್ನೇ. ಅದು ಇಬ್ಬರಿಗೆ ಚೆಂದ, ಕೈ ಹಿಡಿದು ನಡೆಯುವವರಿಗೆ ಚೆಂದ. ಹನ್ನೆರಡು ಜನರ ಕುಟುಂಬಕ್ಕೆ, ಯಾರು ಯಾರೆಂದು ಮುಂದೆ ಗುರುತು ಹಿಡಿಯಬೇಕಾದ ಚಿತ್ರಕ್ಕೆ, ಬೆಳಗೇ ಸರಿ.

ಬಿಳಿ ಬಟ್ಟೆಯ ತೊಂದರೆ ಬೇರೆ. ಹತ್ತು ಗಂಟೆಯ ಬಿಸಿಲಿಗೆ ಮರಳು ಬೆಳ್ಳಗಾಗಿ ಜುಬ್ಬಾದ ಅಂಚು ಅದರಲ್ಲಿ ಕರಗಿಬಿಡುತ್ತದೆ. ಅದಕ್ಕೇ ಅವನು ಹುಡುಗರನ್ನು ಗಾಳಿಮರಗಳ ಸಾಲಿನ ಅಂಚಿಗೆ ಕರೆದೊಯ್ಯುತ್ತಾನೆ. ಮರಗಳ ಕಪ್ಪು ಕಾಂಡಗಳು ಹಿಂದೆ, ನಡುನಡುವೆ ನೀರಿನ ತುಂಡು. ಇಲ್ಲವೆಂದರೆ ದಡಕ್ಕೆ ಎಳೆದಿಟ್ಟ ದೋಣಿಯೊಂದರ ಪಕ್ಕ: ಬಣ್ಣ ಸುಲಿದ ನೀಲಿ ಹಲಗೆಯ ಮುಂದೆ ಬಿಳಿ ಎಷ್ಟು ಚೊಕ್ಕವಾಗಿ ಏಳುತ್ತದೆಂದರೆ, ಇದಕ್ಕೆಂದೇ ಯಾರೋ ತಂದಿಟ್ಟರೇನೋ ಅನಿಸಬೇಕು. ಹೊಸ ನೈಲಾನ್ ಬಲೆಯ ಹಸಿರು ಮಾತ್ರ ಬೇಡ, ಅದು ಕಣ್ಣನ್ನು ತನ್ನತ್ತಲೇ ಎಳೆದುಕೊಳ್ಳುತ್ತದೆ ಎಂದು ಅವನು ಬಲೆಯ ರಾಶಿಯನ್ನು ಬಳಸಿಕೊಂಡು ನಡೆಯುತ್ತಾನೆ.

ಈ ಬೆಳಗು ಈದ್‌ಗೆ ಪ್ರತಿವರ್ಷ ಸಿಕ್ಕುವಂಥದ್ದಲ್ಲ. ಚಾಂದ್ರಮಾನದ ಲೆಕ್ಕದಲ್ಲಿ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ರಂಜಾನ್ ಈದ್ ಬಂದದ್ದು ಜುಲೈ ಮೊದಲ ವಾರ, ಮುಂದಿನ ಎರಡು ವರ್ಷ ಜೂನ್‌ನಲ್ಲಿ. ಮಳೆ ಹಿಡಿದು ಕೂತ ದಿನಗಳು. ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳೂ ತಾಡಪಾಲು ಹೊದ್ದು ಮಲಗಿರುತ್ತವೆ, ಕಡಲು ಕೆಸರುಬಣ್ಣ. ಆಗ ಹಬ್ಬದ ಫೋಟೊ ಎಂದರೆ ಸ್ಟುಡಿಯೊವೇ. 2025ಕ್ಕೆ ಈದ್ ಮಾರ್ಚ್ ಕೊನೆಗೆ ಬಂತು, ಆಕಾಶ ತೆರೆಯಿತು. ಇನ್ನು ಕೆಲವು ವರ್ಷ ಅದು ಫೆಬ್ರವರಿ, ಜನವರಿಯ ತಂಪು ಬೆಳಗುಗಳಿಗೆ ಜಾರುತ್ತಾ ಹೋಗುತ್ತದೆ. ಜಾಲಿಯ ಮರಳಿಗೆ ಇದು ಸುಗ್ಗಿಯ ಕಾಲ.

ಹಾಗೆಂದು ಸ್ಟುಡಿಯೊವನ್ನು ಮರೆಯುವಂತಿಲ್ಲ. ಭಟ್ಕಳದ ಪೇಟೆಯ ಗಲ್ಲಿಯಲ್ಲಿ, ಬಟ್ಟೆಯಂಗಡಿಯ ಮೇಲಿನ ಮಹಡಿಗೆ ಕಿರಿದಾದ ಮೆಟ್ಟಿಲು ಹತ್ತಿ ಹೋಗೋಣ ಬನ್ನಿ. ಒಳಗೆ ಬೆಚ್ಚಗಿನ ದೂಳು, ಪೌಡರಿನ ವಾಸನೆ, ಬಾಚಣಿಗೆ ಸಿಕ್ಕಿಸಿದ ಕನ್ನಡಿ. ಗೋಡೆಯ ಮೇಲ್ತುದಿಯಲ್ಲಿ ಕೊಳವೆಗಳಿಗೆ ಸುತ್ತಿದ ಪರದೆಗಳು. ಸರಪಳಿ ಎಳೆದರೆ ಗರಗರ ಎಂದು ಒಂದೊಂದೇ ಇಳಿಯುತ್ತವೆ. ಈಗ ಹೆಚ್ಚಾಗಿ ಬೂದು, ತಿಳಿಗಂದು, ಮೋಡ ಮೋಡವಾಗಿ ಬಣ್ಣ ಹಚ್ಚಿದವು. ಮೂಲೆಯಲ್ಲಿ ಸುತ್ತಿಟ್ಟ ಹಳೆಯದೊಂದನ್ನು ಬಿಡಿಸಿದರೆ ಸರೋವರ, ಹಂಸ, ಎಲ್ಲಿಗೂ ಹೋಗದ ಅಮೃತಶಿಲೆಯ ಮೆಟ್ಟಿಲು. ಮಡಿಕೆ ಬಿದ್ದಲ್ಲಿ ಬಣ್ಣ ಪುಡಿಪುಡಿ. ಕಂಪನಿ ನಾಟಕದ ಕಾಲದಲ್ಲಿ ಅರಮನೆಯ ಸೀನು, ಕಾಡಿನ ಸೀನು ಎಂದು ಬರೆಸುತ್ತಿದ್ದ ಪರದೆಗಳ ಸಂತಾನವೇ ಇವು. ಆ ಸರೋವರದ ಮುಂದೆ ಕೈ ಕಟ್ಟಿ ನಿಂತ ದಂಪತಿಗಳ ಕಪ್ಪುಬಿಳುಪು ಚಿತ್ರ ಈ ಮೂರೂ ತಾಲ್ಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ನೋಡಿ ನಗುವವರಿದ್ದಾರೆ. ನನಗೆ ಅದರ ಮೇಲೆ ಗೌರವ. ಊರು ಬಿಟ್ಟು ಹೊರಗೆ ಕಾಲಿಡಲಾಗದವರಿಗೆ ಆ ಬಟ್ಟೆ ಒಂದು ನಿಮಿಷದ ಮಟ್ಟಿಗೆ ಬೇರೆ ಊರು ಕೊಟ್ಟಿತ್ತು.

ಹಿನ್ನೆಲೆಯ ಪರದೆ ಇಲ್ಲಿನ ಮಣ್ಣಿಗೆ ಹೊಸದೂ ಹೌದು. ಹೊನ್ನಾವರ ಯಕ್ಷಗಾನದ ಸೀಮೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ನೆಲ. ಬಯಲಾಟದಲ್ಲಿ ತೆರೆಯನ್ನು ಇಬ್ಬರು ಕೈಯಲ್ಲಿ ಹಿಡಿಯುತ್ತಾರೆ, ಅದೂ ವೇಷದ ಮುಂದೆ. ತೆರೆ ಸರಿದ ಮೇಲೆ ವೇಷದ ಹಿಂದೆ ಇರುವುದು ಭಾಗವತರು, ಮದ್ದಲೆ, ಕತ್ತಲು. ಕಿರೀಟದ ಒಂದೊಂದು ಮಿಂಚೂ ಕಾಣುವುದು ಆ ಕತ್ತಲೆಯಿಂದಾಗಿ. ಸ್ಟುಡಿಯೊದವನ ಬೂದು ಪರದೆ ಮಾಡುವುದೂ ಅದೇ ಕೆಲಸ. ಜರಿಯಂಚಿನ ಸೀರೆ, ಮುಡಿಯ ಭಟ್ಕಳ ಮಲ್ಲಿಗೆ, ಮಗುವಿನ ಕಾಲ್ಗೆಜ್ಜೆ ಎದ್ದು ಕಾಣಬೇಕಾದರೆ ಹಿಂದಿನದು ಮಾತಾಡಬಾರದು. ಪರದೆಗೆ ಅಂಟಿಕೊಂಡು ನಿಲ್ಲಲು ಹೋದವರನ್ನು ಅವನು ಐದಾರು ಅಡಿ ಮುಂದಕ್ಕೆ ಕರೆಯುತ್ತಾನೆ. ಆಗ ನೆರಳು ಬಟ್ಟೆಯ ಮೇಲಲ್ಲ, ನೆಲದ ಮೇಲೆ ಬೀಳುತ್ತದೆ. ಪರದೆಯ ಮಡಿಕೆ, ಕಲೆಗಳೂ ಮಸುಕಾಗಿ ಹೋಗುತ್ತವೆ. ‘ಇನ್ನೊಂದ್ ಹೆಜ್ಜೆ ಮುಂದೆ ಬಾ ತಂಗೀ, ಹಾಂ, ಅಲ್ಲೇ.’

ಉತ್ತರಕ್ಕೆ ಹೊರಟರೆ ಮೊದಲು ಮುರ್ಡೇಶ್ವರ. ಇಲ್ಲಿ ಫೋಟೊಗ್ರಾಫರನ ಕಷ್ಟ ಗಾತ್ರದ್ದು. ಶಿವನ ಮೂರ್ತಿ 123 ಅಡಿ, ಎದುರಿಗೆ ಇಪ್ಪತ್ತು ಅಂತಸ್ತಿನ ರಾಜಗೋಪುರ. ಮೂರ್ತಿಯ ಬುಡದಲ್ಲೇ ನಿಂತು ತೆಗೆಸಿಕೊಂಡರೆ ಐದೂವರೆ ಅಡಿಯ ಮನುಷ್ಯ ಮೂರ್ತಿಯ ಇಪ್ಪತ್ತೆರಡನೆಯ ಒಂದು ಪಾಲು, ದೇವರ ಕಾಲ್ಬೆರಳ ಹತ್ತಿರದ ಒಂದು ಚುಕ್ಕಿ. ತಿಳಿದವನು ಹಿಂದೆ ಹಿಂದೆ ಸರಿಯುತ್ತಾನೆ. ಮೂರ್ತಿ ಆರುನೂರು ಅಡಿ ದೂರವಾಗುವಷ್ಟು ಹೋಗಿ, ಮನೆಯವರನ್ನು ತನ್ನಿಂದ ಹದಿನೈದು ಅಡಿಯಲ್ಲಿ ನಿಲ್ಲಿಸಿದರೆ, ಚಿತ್ರದಲ್ಲಿ ಶಿವ ಅವರ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚಿಗೆ ಇಳಿದು, ಅವರ ಹೆಗಲ ಮೇಲಿಂದ ಇಣುಕುತ್ತಾನೆ. ಆದರೂ ನನಗೆ ಈ ಜಾಗ ಹಬ್ಬದ ಚಿತ್ರಕ್ಕೆ ಅಷ್ಟು ಒಗ್ಗುವುದಿಲ್ಲ. ಯಾವ ಊರಿನವರು ನಿಂತರೂ ಇಲ್ಲಿ ಒಂದೇ ಚಿತ್ರ ಬರುತ್ತದೆ.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಂಡು ನಿಂತಂತೆ ಕಾಣುತ್ತದೆ. ಕೆಸರು, ಕಾಂಡ್ಲಾದ ಕಹಿಗಂಪು, ಬೇರುಗಳ ನಡುವೆ ಏಡಿಗಳ ಓಡಾಟ. ಕಾಂಡ್ಲಾ ವನದೊಳಗಿನ ಮರದ ನಡೆದಾರಿ ಈಗ ಮದುವೆ ಜೋಡಿಗಳ ಮೆಚ್ಚಿನ ತಾಣ. ಆದರೆ ಎಲೆಗಳ ಅಡಿಯಲ್ಲಿ ಸೋಸಿ ಬರುವ ಬೆಳಕಿಗೆ ಹಸಿರು ಛಾಯೆಯಿದೆ, ಅದು ಮೆಲ್ಲಗೆ ಕೆನ್ನೆಗೆ ಹತ್ತುತ್ತದೆ. ಬಿಳಿ ಥರ್ಮಾಕೋಲಿನ ಹಲಗೆಯೊಂದನ್ನು ಎದೆಮಟ್ಟಕ್ಕೆ ಹಿಡಿದು ಆಕಾಶದ ಬೆಳಕನ್ನು ಮುಖಕ್ಕೆ ತಿರುಗಿಸದಿದ್ದರೆ ಮದುಮಗಳು ಜ್ವರ ಬಂದವಳಂತೆ ಕಾಣುತ್ತಾಳೆ. ಆಚೆ ದಡದ ಕಾಸರಕೋಡು ಕಡಲತೀರಕ್ಕೆ 2020ರ ಅಕ್ಟೋಬರ್‌ನಲ್ಲಿ ಪಡುಬಿದ್ರಿಯ ಜೊತೆಗೇ ನೀಲಿ ಬಾವುಟದ ಮಾನ್ಯತೆ ಬಂತು, ಮರಳು ಚೊಕ್ಕಟ. ನಡುವೆ ಕೊಂಕಣ ರೈಲಿನ ಸೇತುವೆ, 2 ಕಿಲೋಮೀಟರಿಗೂ ತುಸು ಹೆಚ್ಚು ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಚೌತಿಗೆ, ದೀಪಾವಳಿಗೆ ಮುಂಬೈಯಿಂದ ಭಟ್ಕಳದ ಕಡೆಗೆ ರೈಲಿನಲ್ಲಿ ಬರುವವರು ಇದರ ಮೇಲೆಯೇ ಬರುತ್ತಾರೆ. ಆ ಕಂಬಗಳ ಸಾಲು ಹಿಂದೆ ಕಾಣುವಂತೆ ನದಿದಂಡೆಯಲ್ಲಿ ನಿಂತು ತೆಗೆಸಿಕೊಂಡ ಚಿತ್ರ ಅವರಿಗೆ ಊರಿಗೆ ಬಂದ ಗುರುತು.

ಕುಮಟಾ ದಾಟಿ ಹತ್ತು ಹನ್ನೊಂದು ಕಿಲೋಮೀಟರು ಹೋದರೆ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದವಳು, ಆಕೆಯ ಹೆಸರು ಹೊತ್ತ ಚಿರೇಕಲ್ಲಿನ ಗೋಡೆಗಳು. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಪಾಚಿ ಇನ್ನೂ ಒಣಗಿರುವುದಿಲ್ಲ. ಕಲ್ಲಿನ ಕೆಂಪು ಮತ್ತು ಪಾಚಿಯ ಹಸಿರು ಸೇರಿದ ಈ ಗೋಡೆಗೆ ಸಮನಾದ ಪರದೆಯನ್ನು ಯಾವ ಚಿತ್ರಕಾರನೂ ಬರೆದಿಲ್ಲವೆಂದೇ ನನ್ನ ನಂಬಿಕೆ. ಇಲ್ಲಿಗೆ ಹಳದಿ, ಕೆನೆಬಣ್ಣ, ಕಡುನೀಲಿ ಉಟ್ಟು ಬರಬೇಕು. ಗಿಳಿಹಸಿರು ಸೀರೆ ಪಾಚಿಯಲ್ಲಿ ಮರೆಯಾಗುತ್ತದೆ, ಕೆಂಪು ಸೀರೆ ಕಲ್ಲಿನಲ್ಲಿ. ಬಿಸಿಲು ತಾಗಿದ ಚಿರೇಕಲ್ಲು ತನ್ನ ಕೆಂಪನ್ನು ಹತ್ತಿರ ನಿಂತವರ ಮೈಗೆಲ್ಲ ಎರಚುತ್ತದೆಯಾದ್ದರಿಂದ ಗೋಡೆ ನೆರಳಿಗೆ ಹೋಗುವವರೆಗೆ ಕಾಯುವುದೂ ಇದೆ. ಕಾದವರಿಗೆ ಕಂದಕದ ಕಡೆಯಿಂದ ತಂಪು ಗಾಳಿ, ಹಕ್ಕಿಗಳ ಕೂಗು. ಮೆಟ್ಟಿಲಿಗೆ ಬಣ್ಣದ ಹೊಗೆ ಬಿಡುವುದು, ಕಲ್ಲಿಗೆ ಮೊಳೆ ಹೊಡೆದು ಬಟ್ಟೆ ಕಟ್ಟುವುದು ನಿಲ್ಲಲೇಬೇಕು. ನೂರಾರು ಮಳೆ ತಡೆದು ನಿಂತ ಗೋಡೆಯನ್ನು ಒಂದು ಫೋಟೊಗಾಗಿ ಗಾಯಮಾಡುವುದನ್ನು ಕಂಡರೆ ಹೊಟ್ಟೆಯುರಿಯುತ್ತದೆ.

ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಹೊರಡುತ್ತದೆ. ತಲೆಯ ಮೇಲಿನ ತುರಾಯಿಯಲ್ಲಿ ಅಷ್ಟು ಬಣ್ಣವಿರುವಾಗ ಹಿಂದೆ ಬೇಕಾದುದು ಏನೂ ಇಲ್ಲದ ಬಯಲು. ಕೊಯ್ದು ಮುಗಿದ ಗದ್ದೆಯ ಮಾಸಲು ಹಳದಿ ಸಾಕು.

ಚೌತಿಯದ್ದು ಪೂರ್ತಿ ಒಳಗಿನ ಚಿತ್ರ. ಹೊರಗೆ ಭಾದ್ರಪದದ ಮಳೆ, ಹೆಂಚಿನ ಮೇಲೆ ಒಂದೇ ಸಮನೆ ಸದ್ದು. ಗಣಪತಿಯ ಮೇಲ್ಗಡೆ ಕಟ್ಟಿದ ಫಲಾವಳಿ: ಅಡಕೆಗೊನೆ, ಎಳನೀರು, ಮೊಗೆಕಾಯಿ, ಹಾಗಲ, ಅಂಬಟೆ, ಬೆಂಕಿಬಣ್ಣದ ಗೌರಿ ಹೂ. ಇಂಥ ಹಿನ್ನೆಲೆಯನ್ನು ಯಾವ ಸ್ಟುಡಿಯೊವೂ ಬಾಡಿಗೆಗೆ ಕೊಡುವುದಿಲ್ಲ, ಮತ್ತು ಇದಕ್ಕೆ ಆಯುಸ್ಸು ಕೆಲವೆಡೆ ಒಂದೂವರೆ ದಿನ, ಕೆಲವೆಡೆ ಐದು ದಿನ. ಬಣ್ಣ ಹೊಳೆಯುವ ಮೂರ್ತಿಯ ಮೇಲೆ ಫ್ಲ್ಯಾಶ್ ಬಿದ್ದರೆ ಗಣಪನ ಹೊಟ್ಟೆಯ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಅದಕ್ಕೆ ಅದನ್ನು ಆರಿಸಿ, ಮುಂಬಾಗಿಲು ಪೂರಾ ತೆರೆದು, ಮಳೆಯ ಬೂದು ಬೆಳಕನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಹಳದಿ ಬಲ್ಬನ್ನೂ ಆರಿಸಬೇಕು, ಇಲ್ಲವಾದರೆ ಅರ್ಧ ಮುಖ ನೀಲಿ, ಅರ್ಧ ಅರಿಶಿನ. ಮಹಾಮಂಗಳಾರತಿ ಮುಗಿದು ಊಟಕ್ಕೆ ಕೂರುವ ಮುಂಚಿನ ಕಾಲು ಗಂಟೆಯೇ ಫೋಟೊದ ಹೊತ್ತು. ಆಗ ಮಾತ್ರ ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ.

ನಂದಾದೀಪದ ಹೊಗೆಗೆ ಕಪ್ಪಾದ ಗೋಡೆ, ಅದರ ಮೇಲೆ ಹಳೆಯ ಗಡಿಯಾರ, ವಕ್ರವಾಗಿ ತೂಗುವ ಕ್ಯಾಲೆಂಡರ್. ಬೆಂಗಳೂರಿನಿಂದ ಬಂದ ಮಗ ಅದನ್ನೆಲ್ಲ ತೆಗೆದು ರೇಷ್ಮೆಯ ಬಟ್ಟೆಯೊಂದನ್ನು ಇಳಿಬಿಡೋಣವೆನ್ನುತ್ತಾನೆ. ಆಯಿಗೆ ಅದು ಒಪ್ಪಿಗೆಯಿಲ್ಲ, ಫೋಟೊಗ್ರಾಫರನಿಗೂ ಇಲ್ಲ. ಕ್ಯಾಲೆಂಡರ್ ಒಂದನ್ನು ಮಾತ್ರ ನೆಟ್ಟಗೆ ಮಾಡಿ, ‘ತಮಾ, ನೀನು ಅಪ್ಪಯ್ಯನ ಬಲಕ್ಕೆ ಬಾ, ಗಡಿಯಾರ ಮುಚ್ಚಬೇಡ’ ಎಂದು ಅವನು ಟ್ರೈಪಾಡಿನ ಕಾಲು ಬಿಗಿಯುತ್ತಾನೆ. ಒಳಗಿನಿಂದ ಯಾರೋ ಎಲೆ ಹಾಕಿಯಾಯಿತೆಂದು ಕೂಗುತ್ತಾರೆ. ಚಕ್ಕುಲಿ ಕಚ್ಚಿಕೊಂಡಿದ್ದ ಮಗುವಿನ ಬಾಯಿ ಒರೆಸಿ ಮುಂದೆ ಕೂರಿಸಿದ್ದಾಗಿದೆ; ಇನ್ನು ಬರಬೇಕಾದವನು ಕೊಟ್ಟಿಗೆಗೆ ಹೋದ ಚಿಕ್ಕಪ್ಪ ಒಬ್ಬನೇ.