ತಾಯಿಫ್‌ನಲ್ಲಿ ಒಂದು ರಾತ್ರಿ

ದೋಹಾದಿಂದ ಕಾರಿನಲ್ಲೇ ಉಮ್ರಾಕ್ಕೆ ಹೊರಡುವ ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಗೆಳೆಯರಲ್ಲಿ ಪ್ರತಿ ರಜೆಯಲ್ಲೂ ಏಳುವ ಪ್ರಶ್ನೆ ಒಂದೇ: "ರಾತ್ರಿ ತಾಯಿಫ್‌ನಲ್ಲಿ ಉಳಿಯುವುದಾ, ಇಲ್ಲಾ ಒಂದೇ ಓಟಕ್ಕೆ ಮಕ್ಕಾ ಸೇರಿಬಿಡುವುದಾ?" ಉಳಿಯಬೇಕು ಎನ್ನುವವರ ಪಕ್ಷ ನನ್ನದು. ಹರಮ್ ಗಡಿಯೊಳಗೆ ಪ್ರವೇಶವಿಲ್ಲದ ನನ್ನಂಥವರಿಗೂ ತಾಯಿಫ್‌ವರೆಗೆ ದಾರಿ ಉಂಟು. ಹಾಗಾಗಿ ಈ ಊರಿನ ಬಗ್ಗೆ ನಾಲ್ಕು ಮಾತು.

ಕತಾರಿನಲ್ಲಿ ಅತಿ ಎತ್ತರದ ಜಾಗ ಎಂದರೆ ದಕ್ಷಿಣದ ಖುರೈನ್ ಅಬುಲ್ ಬೌಲ್. ಎತ್ತರ 103 ಮೀಟರ್. ನಮ್ಮ ಊರಿನಲ್ಲಾದರೆ ಅದಕ್ಕೆ ಗುಡ್ಡ ಎನ್ನುವುದಕ್ಕೂ ಯೋಚಿಸುತ್ತಿದ್ದೆವು! ಅಲ್ಲಿಂದ ಅಬು ಸಮ್ರಾ ಗಡಿ ದಾಟಿ, ಹುಫೂಫ್ ಕಳೆದು ರಿಯಾದ್ ಮುಟ್ಟುವಾಗ ಸುಮಾರು 600 ಮೀಟರ್ ಮೇಲೆ ಬಂದಿರುತ್ತೀರಿ. ಮುಂದಿನ ಏಳೆಂಟು ನೂರು ಕಿಲೋಮೀಟರಿನಲ್ಲಿ ಇನ್ನೂ ಸಾವಿರಕ್ಕೂ ಹೆಚ್ಚು ಮೀಟರ್. ತಾಯಿಫ್ ಊರು ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಮಡಿಕೇರಿಯನ್ನು ಎಂದೋ ಹಿಂದೆ ಹಾಕಿ, ಕುದುರೆಮುಖ ಶಿಖರದ ಹತ್ತಿರಕ್ಕೆ ಬಂದ ಹಾಗಾಯಿತು. ಆದರೆ ದಾರಿಯಲ್ಲಿ ಘಟ್ಟ ಹತ್ತಿದ ಅನುಭವವೇ ಇಲ್ಲ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಒಂದೂವರೆ ಮೀಟರ್ ಏರು. ಎಡಬಲ ನೋಡಿದರೆ ಮರಳು, ಕಲ್ಲು, ಅಷ್ಟೇ.

ಕಾರಣ ನೆಲದ ಓಲು. ಕೆಂಪು ಸಮುದ್ರ ಬಾಯಿ ಬಿಟ್ಟು ಅರೇಬಿಯಾ ಆಫ್ರಿಕಾದಿಂದ ಬೇರೆಯಾದಾಗ (ಅದು ಶುರುವಾಗಿ ಸುಮಾರು ಮೂರು ಕೋಟಿ ವರ್ಷ) ಪಶ್ಚಿಮದ ಅಂಚು ಎದ್ದು ನಿಂತಿತು. ಅದೇ ಸರವಾತ್ ಬೆಟ್ಟಸಾಲು. ಪೂರ್ವಕ್ಕೆ ನಿಧಾನದ ಇಳಿಜಾರು, ಪಶ್ಚಿಮಕ್ಕೆ ಕಡಿದು ಬಿಟ್ಟ ಹಾಗೆ ಪ್ರಪಾತ, ಕೆಳಗೆ ಸೆಕೆಯ ಕರಾವಳಿ. ಈ ಚಿತ್ರ ಎಲ್ಲೋ ನೋಡಿದ್ದೇವಲ್ಲ? ಭೂಖಂಡ ಒಡೆದ ಅಂಚಿನಲ್ಲೇ ನಮ್ಮ ಸಹ್ಯಾದ್ರಿಯೂ ನಿಂತಿದೆ. ಪಶ್ಚಿಮಕ್ಕೆ ಸಮುದ್ರ ಅಷ್ಟು ಹತ್ತಿರವಿದ್ದರೂ ಕಾವೇರಿ, ತುಂಗೆ ಪೂರ್ವಕ್ಕೆ ಹರಿಯುವುದು ಇದೇ ಓಲಿನಿಂದ. ಅರಬರು ಕೆಳಗಿನ ಕರಾವಳಿಯನ್ನು ತಿಹಾಮಾ ಎನ್ನುತ್ತಾರೆ. ಹಿಜಾಜ್ ಎಂಬ ಹೆಸರಿಗೆ ತಡೆ, ಅಡ್ಡಗೋಡೆ ಎಂಬ ಅರ್ಥ ಹೇಳುತ್ತಾರೆ. "ಘಟ್ಟದ ಮೇಲಿನವರು", "ಘಟ್ಟದ ಕೆಳಗಿನವರು" ಎಂದು ಜನರನ್ನೇ ಗುರುತಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಮಳೆಯದು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಆದರೆ ತಾಯಿಫ್‌ಗೆ 200ರ ಆಸುಪಾಸು. ಆ ಚೂರು ಮಳೆಗೇ ದಾಳಿಂಬೆ, ದ್ರಾಕ್ಷಿ, ಗುಲಾಬಿ ತೋಟಗಳು ಎದ್ದಿವೆ. ಮಾರ್ಚ್-ಏಪ್ರಿಲ್‌ನಲ್ಲಿ ಹೋದರೆ ಬೆಳಕು ಹರಿಯುವ ಹೊತ್ತಿಗೆ ಗುಲಾಬಿ ಕೊಯ್ಯುವುದನ್ನು ನೋಡಬಹುದು. ಅತ್ತರನ್ನು ಅಲ್ಲಿ ಇಂದಿಗೂ ಮಾರುವುದು ತೊಲದ ಲೆಕ್ಕದಲ್ಲಿ. ನಮ್ಮ ಅಕ್ಕಸಾಲಿಗರ ಅದೇ ತೊಲ!

ದೇಹಕ್ಕೆ ಏನಾಗುತ್ತದೆ? ಗಾಬರಿ ಬೇಡ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲಿನ ಮಾತು. ಆದರೂ ಗಾಳಿಯ ಒತ್ತಡ ದೋಹಾದ ಐದರಲ್ಲಿ ನಾಲ್ಕು ಪಾಲಿನಷ್ಟೇ. ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿರುತ್ತದೆ, ನೀರು 94 ಡಿಗ್ರಿಗೇ ಕುದಿಯುತ್ತದೆ, ಲಗೇಜು ಹೊತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಉಬ್ಬಸ ಇರುವವರು, ಹೃದಯದ ತೊಂದರೆ ಇರುವ ಹಿರಿಯರು ಆ ಸಂಜೆ ಅವಸರ ಮಾಡದಿದ್ದರೆ ಒಳ್ಳೆಯದು. ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಮುಂಜಾನೆ ಮೀಕಾತಿನಲ್ಲಿ ಎರಡು ಹೊಲಿಯದ ಬಟ್ಟೆ ಉಟ್ಟು ಇಹ್ರಾಮ್ ಕಟ್ಟುವ ಗಂಡಸರಿಗೆ ಈ ಚಳಿ ಚೆನ್ನಾಗಿ ಗೊತ್ತು.

ಈ ತಂಗುವಿಕೆಯೇ ಕೆಲವು ವರ್ಷ ಇಲ್ಲವಾಗಿತ್ತು. 2017ರ ಜೂನ್‌ನಲ್ಲಿ ಗಡಿ ಮುಚ್ಚಿತು, ಮತ್ತೆ ತೆರೆದದ್ದು ಅಲ್-ಉಲಾ ಒಪ್ಪಂದದ ನಂತರ 2021ರ ಜನವರಿಯಲ್ಲಿ. ಆ ಮೇಲೆ ಕತಾರಿಗೆ ಬಂದವರಲ್ಲಿ ಈ ದಾರಿ ಹಿಡಿಯುವ ಹೊಸಬರು ಬಹಳ. ನನಗೆ ಮುಖ್ಯವೆನಿಸುವುದು ಅವರ ವಿಷಯ. ಕಾರಿನ ಸ್ಟೀರಿಂಗ್ ಹಿಡಿದದ್ದೇ ದೋಹಾದಲ್ಲಿ, ಅದೂ ಆಟೋಮ್ಯಾಟಿಕ್ ಗಾಡಿ. ಘಟ್ಟ ಎಂದರೆ ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾಟಿದ್ದು ಮಾತ್ರ. 1,300ಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ನಡುರಾತ್ರಿ ತಾಯಿಫ್ ತಲುಪಿದಾಗ "ಇನ್ನೇನು ಎಪ್ಪತ್ತೋ ಎಂಬತ್ತೋ ಕಿಲೋಮೀಟರ್" ಎನ್ನಿಸುತ್ತದೆ. ಆದರೆ ಇಡೀ ದಿನ ತಿಳಿಯದಂತೆ ಹತ್ತಿದ್ದನ್ನೆಲ್ಲ ಇಳಿಯಬೇಕಾದದ್ದು ಈ ತುಂಡಿನಲ್ಲೇ.

ತಾಯಿಫ್ ಪಕ್ಕದ ಹದಾದಿಂದ ಇಳಿಯುವ ರಸ್ತೆ 1960ರ ದಶಕದಲ್ಲಿ ಬಂಡೆ ಕಡಿದು ಮಾಡಿದ್ದು. ಸುಮಾರು 2,000 ಮೀಟರಿನಿಂದ ಹೊರಟು, ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಾವಿರಕ್ಕೂ ಹೆಚ್ಚು ಮೀಟರ್ ಕೆಳಗೆ. ಚಾರ್ಮಾಡಿಯಂತೆ ತಿರುವಿನ ಮೇಲೆ ತಿರುವು, ದಂಡೆಯಲ್ಲಿ ಬಬೂನ್ ಕೋತಿಗಳ ಸಂಸಾರ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ನಮ್ಮ ಘಟ್ಟದ ಡ್ರೈವರುಗಳ ಪಾಠ. ಆಟೋಮ್ಯಾಟಿಕ್‌ನಲ್ಲಿ ಅದಕ್ಕೇ 'ಎಲ್', '2' ಅಥವಾ ಮ್ಯಾನುವಲ್ ಸ್ಥಾನ ಇರುತ್ತದೆ. ಹೊರಡುವ ಮೊದಲು ದೋಹಾದಲ್ಲೇ ಒಮ್ಮೆ ಹಾಕಿ ನೋಡಿಕೊಳ್ಳಿ.

ಅಷ್ಟು ಧೈರ್ಯ ಸಾಲದವರಿಗೆ ಸೈಲ್ ಅಲ್-ಕಬೀರ್ ಮೂಲಕ ಇನ್ನೊಂದು ರಸ್ತೆ ಇದೆ. ಸ್ವಲ್ಪ ಸುತ್ತು, ಲಾರಿಗಳ ಸಹವಾಸ, ಆದರೆ ಇಳಿಜಾರು ಮೆದು. ಮೀಕಾತ್ ಎರಡೂ ದಾರಿಯಲ್ಲಿದೆ. ಯಾವುದೇ ಹಿಡಿಯಿರಿ, ಮಲಗಿ ಎದ್ದು, ಬೆಳಕಾದ ಮೇಲೆ ಹೊರಡಿ.